ಮುಂಜಾನೆಯ ಐದು ಸೆಕೆಂಡು: ಒಂದು ಆಯಿಲ್ ಫಿಲ್ಟರಿನ ಪ್ರಕರಣ ಅಧ್ಯಯನ

ದೂರು ಇಷ್ಟೇ. ರಾತ್ರಿಯಿಡೀ ನಿಂತ ಬೈಕನ್ನು ಬೆಳಿಗ್ಗೆ ಚಾಲೂ ಮಾಡಿದರೆ ಎಂಜಿನ್ನಿನ ಮೇಲ್ಭಾಗದಿಂದ ಕಟಕಟ ಸದ್ದು ಬರುತ್ತದೆ. ಆಯಿಲ್ ಒತ್ತಡದ ಕೆಂಪು ದೀಪ ಆರಲು ಹೊತ್ತು ಹಿಡಿಯುತ್ತದೆ. ಐದಾರು ಸೆಕೆಂಡಿನಲ್ಲಿ ದೀಪವೂ ಆರುತ್ತದೆ, ಸದ್ದೂ ನಿಲ್ಲುತ್ತದೆ. ಆಮೇಲೆ ದಿನವಿಡೀ ಯಾವ ತೊಂದರೆಯೂ ಇಲ್ಲ. ಮಧ್ಯಾಹ್ನ ಊಟಕ್ಕೆಂದು ನಿಲ್ಲಿಸಿ ಮತ್ತೆ ಹೊರಟರೂ ಸದ್ದಿಲ್ಲ. ಮರುದಿನ ಬೆಳಿಗ್ಗೆ ಅದೇ ಕಥೆ.

ಬೈಕು ಎರಡು ಸಿಲಿಂಡರಿನ, ನೀರಿನಿಂದ ತಂಪಾಗುವ 650 ಸಿಸಿ ವರ್ಗದ್ದು. ತಯಾರಕರ ಹೆಸರು ಇಲ್ಲಿ ಬೇಡ, ಅವರ ತಪ್ಪೇನೂ ಇಲ್ಲ. ಓಡಿದ್ದು 23 ಸಾವಿರ ಕಿಲೋಮೀಟರ್. ಮಾಲೀಕರಿಗೆ ಮೂಡಿಗೆರೆಯ ಕಡೆ ಕಾಫಿ ತೋಟವಿದೆ. ಡಿಸೆಂಬರ್ ಚಳಿ ಶುರುವಾದ ಮೇಲೆ ಸದ್ದು ಜೋರಾಯಿತು. ಹಾಸನದ ನಮ್ಮ ವರ್ಕ್‌ಶಾಪಿಗೆ ಬರುವ ಮೊದಲು ಅವರು ಬೇರೊಂದು ಗ್ಯಾರೇಜಿನಲ್ಲಿ ತೋರಿಸಿದ್ದರು. ಅಲ್ಲಿ ಕ್ಯಾಮ್ ಚೈನ್ ಟೆನ್ಷನರ್ (ಎಂಜಿನ್ನಿನೊಳಗಿನ ಕ್ಯಾಮ್ ಚೈನನ್ನು ಬಿಗಿಯಾಗಿಡುವ ಭಾಗ) ಹೋಗಿದೆ ಎಂದು ಹೊಸದನ್ನು ಹಾಕಿದರು. ಸದ್ದು ಹೋಗಲಿಲ್ಲ. ಬಳಿಕ, ಕೈಪಿಡಿ ಹೇಳುವ 10ಡಬ್ಲ್ಯೂ-40 ಆಯಿಲ್ ನಮ್ಮ ಹವೆಗೆ ತೆಳುವಾಯಿತು ಎಂದು, ಅದಕ್ಕಿಂತ ದಪ್ಪವಾದ 20ಡಬ್ಲ್ಯೂ-50 ಸುರಿದರು. ಸದ್ದು ತುಸು ಮಂದವಾಯಿತು, ಆದರೆ ಮೊದಲಿಗಿಂತ ಹೆಚ್ಚು ಹೊತ್ತು ಉಳಿಯತೊಡಗಿತು.

ಈ ಕೊನೆಯ ಮಾತು ನನ್ನ ಕಿವಿ ನೆಟ್ಟಗಾಗಿಸಿತು. ಇನ್ನೂ ಹೆಚ್ಚು ನೆರವಾದದ್ದು ಮಾಲೀಕರು ಜೋಪಾನವಾಗಿ ಇಟ್ಟುಕೊಂಡಿದ್ದ ಬಿಲ್ಲುಗಳ ಕಡತ. ಗ್ರಾಹಕರು ನೆನಪಿನಿಂದ ಹೇಳುವುದಕ್ಕಿಂತ ಬಿಲ್ಲು ಹೇಳುವುದು ಖಚಿತ. 20 ಸಾವಿರ ಕಿಲೋಮೀಟರಿನ ಸರ್ವಿಸ್‌ನಲ್ಲಿ ಕಂಪನಿಯ ಫಿಲ್ಟರ್ ಸಿಗದೆ, ಅಂಗಡಿಯವನು ಕೊಟ್ಟ ಬೇರೆ ಫಿಲ್ಟರ್ ಹಾಕಿದ್ದರು. ಪೆಟ್ಟಿಗೆಯ ಮೇಲೆ ಕೆಲವು ಕಾರುಗಳ ಹೆಸರಿನ ಜೊತೆಗೆ ಹಲವು ಬೈಕುಗಳ ಹೆಸರೂ ಇತ್ತಂತೆ. ಥ್ರೆಡ್ ಹೊಂದಿತು, ರಬ್ಬರ್ ಗ್ಯಾಸ್ಕೆಟ್ ಹೊಂದಿತು, ಸೋರಲಿಲ್ಲ. ಸದ್ದು ಕಾಣಿಸಿಕೊಂಡದ್ದು ಅದಾದ ಕೆಲವು ವಾರಗಳಿಗೆ. ಎರಡಕ್ಕೂ ನಂಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಆಯಿಲ್ ಫಿಲ್ಟರ್ ಎಂದರೆ ಡಬ್ಬಿಯೊಳಗಿನ ಕಾಗದ ಎಂಬುದೇ ನಮ್ಮಲ್ಲಿ ರೂಢಿಯಾದ ತಿಳಿವಳಿಕೆ. ಆ ಡಬ್ಬಿಯಲ್ಲಿ ಕಾಗದದಷ್ಟೇ ಮುಖ್ಯವಾದ ಎರಡು ವಾಲ್ವ್‌ಗಳಿವೆ. ಈ ಪ್ರಕರಣದಲ್ಲಿ ಎರಡೂ ಕೈಕೊಟ್ಟಿದ್ದವು.

ಡಬ್ಬಿಯೊಳಗೆ ನಡೆಯುವುದೇನು

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನಿಂದ ಪಂಪು ಆಯಿಲನ್ನು ಒಂದು ಲೋಹದ ಜಾಲರಿಯ ಮೂಲಕ ಹೀರಿಕೊಂಡು ಫಿಲ್ಟರಿಗೆ ತಳ್ಳುತ್ತದೆ. ಫಿಲ್ಟರಿನಿಂದ ಅದು ಆಯಿಲ್ ಹಂಚುವ ದಾರಿಯಾದ ಮುಖ್ಯ ಗ್ಯಾಲರಿಗೆ, ಅಲ್ಲಿಂದ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೆ, ಗೇರ್‌ಬಾಕ್ಸಿಗೆ, ಕಟ್ಟಕಡೆಗೆ ಸಿಲಿಂಡರ್ ಹೆಡ್ಡಿನಲ್ಲಿದ್ದು ಎಂಜಿನ್ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಹೋಗುತ್ತದೆ. ಎತ್ತರದಲ್ಲೂ ದೂರದಲ್ಲೂ ಕ್ಯಾಮ್‌ಶಾಫ್ಟುಗಳದೇ ಕೊನೆಯ ಸರದಿ. ಈ ಬೈಕಿನ ಕ್ಯಾಮ್ ಚೈನ್ ಟೆನ್ಷನರ್ ಕೂಡ ಆಯಿಲ್ ಒತ್ತಡದಿಂದಲೇ ಬಿಗಿಯಾಗುವ ಬಗೆಯದು. ಒತ್ತಡ ಬರುವವರೆಗೆ ಚೈನು ಸಡಿಲವಾಗಿ ಬಡಿಯುತ್ತದೆ. ಹಾಗಾಗಿ ಹೊಸ ಟೆನ್ಷನರ್ ಹಾಕಿದರೂ ಪ್ರಯೋಜನವಾಗಲಿಲ್ಲ. ಹೊಸದಕ್ಕೂ ಆಯಿಲ್ ಬರಬೇಕಲ್ಲ!

ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರನ್ನು ಕೈಯಲ್ಲಿ ಹಿಡಿದು ತಳ ನೋಡಿದರೆ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಉಂಗುರವಾಗಿ ಸಣ್ಣ ತೂತುಗಳು ಕಾಣುತ್ತವೆ. ಆಯಿಲ್ ಒಳಬರುವುದು ಸಣ್ಣ ತೂತುಗಳಿಂದ. ಅದು ನೆರಿಗೆ ಕಾಗದದ ಹೊರಮೈಯನ್ನು ಸೇರಿ, ಕಾಗದವನ್ನು ದಾಟಿ ನಡುವಿನ ಕೊಳವೆಗೆ ಬಂದು, ದೊಡ್ಡ ತೂತಿನಿಂದ ಎಂಜಿನ್ನಿಗೆ ಮರಳುತ್ತದೆ. ಕೊಳೆ ಹೊರಗೆ ಉಳಿಯುತ್ತದೆ, ಶುದ್ಧ ಆಯಿಲ್ ಒಳಗೆ ಬರುತ್ತದೆ. ಕ್ರ್ಯಾಂಕ್ ಬೇರಿಂಗಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಇರುವ ಎಡೆ ಮಿಲಿಮೀಟರಿನ ನೂರನೇ ಎರಡರಿಂದ ಐದು ಭಾಗ. ಆ ಎಡೆಗೆ ಗಟ್ಟಿ ಕಣವೊಂದು ಸಿಕ್ಕಿಕೊಂಡರೆ ಗೀರು ಖಂಡಿತ.

ಮೊದಲ ವಾಲ್ವ್ ಇರುವುದು ಆ ಸಣ್ಣ ತೂತುಗಳ ಒಳಬದಿಯಲ್ಲಿ. ಅದು ಉಂಗುರಾಕಾರದ ಒಂದು ರಬ್ಬರ್ ಪೊರೆ. ಪಂಪಿನ ಒತ್ತಡ ಬಂದಾಗ ಪೊರೆ ಎದ್ದು ಆಯಿಲಿಗೆ ದಾರಿ ಬಿಡುತ್ತದೆ. ಎಂಜಿನ್ ನಿಂತಾಗ ತೂತುಗಳ ಮೇಲೆ ಮಲಗಿ ದಾರಿ ಮುಚ್ಚುತ್ತದೆ. ಆಂಟಿ ಡ್ರೇನ್‌ಬ್ಯಾಕ್ ವಾಲ್ವ್ ಎನ್ನುವುದು ಇದನ್ನೇ. ಇದು ಮಾಡುವ ಕೆಲಸ ಬಾವಿಯ ಪಂಪಿನ ಫುಟ್‌ವಾಲ್ವ್ ಮಾಡುವ ಕೆಲಸವೇ: ಪಂಪು ನಿಂತ ಮೇಲೆ ಕೊಳವೆಯಲ್ಲಿದ್ದದ್ದು ಹಿಂದಕ್ಕೆ ಇಳಿದುಹೋಗದಂತೆ ಹಿಡಿದಿಡುವುದು. ತೋಟದ ಮಾಲೀಕರಿಗೆ ಇಷ್ಟು ಹೇಳಿದೊಡನೆ ಉಳಿದದ್ದನ್ನು ಅವರೇ ಹೇಳಿದರು: ಫುಟ್‌ವಾಲ್ವ್ ಸೋರಿದರೆ ಪ್ರತಿ ಬೆಳಿಗ್ಗೆ ಪಂಪಿಗೆ ನೀರು ತುಂಬಿಸಬೇಕು.

ಈ ವಾಲ್ವ್ ಎಲ್ಲ ಬೈಕಿಗೂ ಸಮಾನವಾಗಿ ಬೇಕಾಗುವುದಿಲ್ಲ. ಫಿಲ್ಟರಿನ ಬಾಯಿ ಮೇಲ್ಮುಖವಾಗಿದ್ದರೆ ಆಯಿಲ್ ತಾನಾಗಿಯೇ ಒಳಗೆ ನಿಲ್ಲುತ್ತದೆ. ಈ ಬೈಕಿನಲ್ಲಿ ಫಿಲ್ಟರ್ ಎಂಜಿನ್ನಿನ ಮುಂಭಾಗದಲ್ಲಿ ಅಡ್ಡ ಮಲಗಿದೆ. ಪೊರೆ ಸೋರಿದರೆ ಒಳಗಿನ ಆಯಿಲಿನ ಬಹುಭಾಗ ಕೆಳಗಿನ ತೂತುಗಳಿಂದ ಪಂಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಅದರ ಜಾಗಕ್ಕೆ ಗಾಳಿ ಬೇರಿಂಗುಗಳ ಎಡೆಯಿಂದ ಗ್ಯಾಲರಿಗೆ ನುಸುಳುತ್ತದೆ. ಬೆಳಿಗ್ಗೆ ಪಂಪು ಮೊದಲು ಖಾಲಿ ಡಬ್ಬಿ ತುಂಬಬೇಕು, ಆಮೇಲೆ ಗ್ಯಾಲರಿ. ಡಬ್ಬಿಗೆ 200 ಮಿಲಿಲೀಟರ್ ಬೇಕು, ಐಡ್ಲಿಂಗ್‌ನಲ್ಲಿ ಪಂಪು ನಿಮಿಷಕ್ಕೆ 4 ಲೀಟರ್ ಕೊಡುತ್ತದೆ ಎಂದಿಟ್ಟುಕೊಂಡರೆ ಡಬ್ಬಿಗೇ 3 ಸೆಕೆಂಡು. ಅಷ್ಟರಲ್ಲಿ ಕ್ಯಾಮ್‌ಶಾಫ್ಟು ನಿನ್ನೆಯ ಪಸೆಯ ಮೇಲೆ ಹತ್ತಾರು ಸುತ್ತು ತಿರುಗಿರುತ್ತದೆ.

ಎರಡನೆಯದು ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡಾಗ, ಇಲ್ಲವೇ ಆಯಿಲ್ ತಣ್ಣಗೆ ಗಟ್ಟಿಯಾಗಿ ಕಾಗದವನ್ನು ದಾಟಲು ಒಲ್ಲದಾದಾಗ, ಕಾಗದದ ಹೊರಗಿನ ಒತ್ತಡಕ್ಕೂ ಒಳಗಿನ ಒತ್ತಡಕ್ಕೂ ಅಂತರ ಏರುತ್ತದೆ. ಅಂತರ ಒಂದು ಮಿತಿ ದಾಟಿದರೆ ಸ್ಪ್ರಿಂಗ್ ಹಿಡಿದಿರುವ ಒಂದು ಬಿಲ್ಲೆ ಎದ್ದು, ಆಯಿಲ್ ಶೋಧನೆಯಿಲ್ಲದೆ ನೇರವಾಗಿ ಎಂಜಿನ್ನಿಗೆ ಹೋಗುತ್ತದೆ. ಆಯಿಲೇ ಇಲ್ಲದ ಬೇರಿಂಗಿಗಿಂತ ಕೊಳೆ ಆಯಿಲ್ ಸಿಕ್ಕ ಬೇರಿಂಗ್ ಹೆಚ್ಚು ಕಾಲ ಬಾಳುತ್ತದೆ ಎಂಬ ಲೆಕ್ಕಾಚಾರ ಇದರ ಹಿಂದಿದೆ. ಲೆಕ್ಕಾಚಾರ ಸರಿಯಾದದ್ದೇ. ಆದರೆ ಮಿತಿ ಎಷ್ಟಿರಬೇಕು ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಸಾಮಾನ್ಯವಾಗಿ ಅದು ಅರ್ಧ ಬಾರ್‌ನಿಂದ ಒಂದೂವರೆ ಬಾರ್ ನಡುವೆ ಇರುತ್ತದೆ (ಒಂದು ಬಾರ್ ಎಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ಒತ್ತಡ). ಹತ್ತು ಸಾವಿರ ಆರ್‌ಪಿಎಂವರೆಗೆ ಏರುವ ಬೈಕ್ ಎಂಜಿನ್ನಿನ ಪಂಪು ಚಿಕ್ಕ ಫಿಲ್ಟರಿನ ಮೂಲಕ ಹೆಚ್ಚು ಆಯಿಲ್ ತಳ್ಳಬೇಕಾಗುತ್ತದೆ. ಅಲ್ಲಿ ಸ್ಪ್ರಿಂಗ್ ಸಡಿಲವಾಗಿದ್ದರೆ ವಾಲ್ವ್ ಬೇಡದಾಗಲೂ ತೆರೆದುಕೊಳ್ಳುತ್ತದೆ.

ಪಂಪಿನ ಬಳಿಯ ರಿಲೀಫ್ ವಾಲ್ವನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳುವವರು ಬಹಳ. ಅದು ಬೇರೆ. ಇಡೀ ವ್ಯವಸ್ಥೆಯ ಒತ್ತಡ ಐದಾರು ಬಾರ್ ಆಸುಪಾಸಿಗೆ ಏರಿದರೆ ಹೆಚ್ಚುವರಿ ಆಯಿಲನ್ನು ಅದು ಸಂಪಿಗೆ ಮರಳಿಸುತ್ತದೆ. ಬೈಪಾಸ್ ವಾಲ್ವ್ ನೋಡುವುದು ಒತ್ತಡವನ್ನಲ್ಲ, ಕಾಗದದ ಎರಡು ಬದಿಯ ಒತ್ತಡಗಳ ಅಂತರವನ್ನು.

ನಮ್ಮಲ್ಲಿ ಈ ವಾಲ್ವ್‌ಗಳ ಪರಿಚಯ ಕಡಿಮೆ ಇರುವುದಕ್ಕೆ ಕಾರಣವಿದೆ. ಸ್ಪ್ಲೆಂಡರ್‌ನಂತಹ ನೂರು ಸಿಸಿ ಬೈಕುಗಳಲ್ಲಿ ಕಾಗದದ ಫಿಲ್ಟರೇ ಇಲ್ಲ. ಒಂದು ಜಾಲರಿ, ಜೊತೆಗೆ ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ತಿರುಗುವ ಸೆಂಟ್ರಿಫ್ಯೂಗಲ್ ಫಿಲ್ಟರ್. ತಿರುಗುವ ವೇಗಕ್ಕೆ ಭಾರವಾದ ಕಣಗಳು ಅಂಚಿಗೆ ಸಿಡಿದು ಗೋಡೆಗೆ ಅಂಟುತ್ತವೆ. ಅಲ್ಲಿ ಆಯಿಲ್ ಯಾವುದನ್ನೂ ತೂರಿ ಹೋಗಬೇಕಿಲ್ಲ, ಆದ್ದರಿಂದ ಬೈಪಾಸ್ ಕೂಡ ಬೇಕಿಲ್ಲ. ಆ ಸರಳ ವಿನ್ಯಾಸದ ಬಗ್ಗೆ ನನಗೆ ಅಪಾರ ಗೌರವವಿದೆ. ಅದರಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗಳೇ ಇಂದು ಡಬ್ಬಿ ಫಿಲ್ಟರಿನ ಬೈಕುಗಳನ್ನೂ ನೋಡುತ್ತಿದ್ದಾರೆ. ಬೈಪಾಸ್ ವಾಲ್ವ್ ಡಬ್ಬಿಯಲ್ಲೇ ಇರಬೇಕೆಂದೂ ಇಲ್ಲ. 1969ರ ಹೋಂಡಾ ಸಿಬಿ750ರಲ್ಲಿ ಅದು ಫಿಲ್ಟರ್ ಮನೆಯನ್ನು ಹಿಡಿದಿಡುವ ಟೊಳ್ಳು ಬೋಲ್ಟಿನೊಳಗಿತ್ತು. ಇನ್ನು ಕೆಲವು ಎಂಜಿನ್‌ಗಳಲ್ಲಿ ಅದು ಕೇಸಿಂಗಿನಲ್ಲಿರುತ್ತದೆ. ಅಂತಹ ಎಂಜಿನ್ನಿಗೆಂದು ಮಾಡಿದ ಬೈಪಾಸ್ ಇಲ್ಲದ ಫಿಲ್ಟರನ್ನು ಬೇರೆಡೆ ಹಾಕಿದರೆ ಎಂಜಿನ್ನಿಗೆ ಆ ರಕ್ಷಣೆಯೇ ಇರುವುದಿಲ್ಲ.

ಪರೀಕ್ಷೆ

ಬೈಕನ್ನು ರಾತ್ರಿ ವರ್ಕ್‌ಶಾಪಿನಲ್ಲೇ ಇರಿಸಿಕೊಂಡೆವು. ಆಯಿಲ್ ಮಟ್ಟ ಸರಿಯಿತ್ತು. ಒತ್ತಡದ ಸ್ವಿಚ್ಚನ್ನು ಬಿಚ್ಚಿ ಅದರ ಜಾಗದಲ್ಲಿ ಮುಳ್ಳಿನ ಗೇಜು ಕೂರಿಸಿದೆವು. ದೀಪ ಒತ್ತಡ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ಗೇಜು ಎಷ್ಟಿದೆ ಎಂದು ತೋರಿಸುತ್ತದೆ.

ಬೆಳಿಗ್ಗೆ ಚಾಲೂ ಮಾಡಿದಾಗ ಮುಳ್ಳು ಐದು ಸೆಕೆಂಡು ಸೊನ್ನೆಯಲ್ಲೇ ಇತ್ತು. ಆಮೇಲೆ ಒಮ್ಮೆಲೇ ಐದೂವರೆ ಬಾರ್‌ಗೆ ಜಿಗಿಯಿತು. ಜಿಗಿದ ಕ್ಷಣಕ್ಕೇ ಕಟಕಟ ನಿಂತಿತು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 5000 ಆರ್‌ಪಿಎಂನಲ್ಲಿ ಐದು ಬಾರ್ ಸುತ್ತಮುತ್ತ ಸ್ಥಿರವಾಗಿ ನಿಂತಿತು. ಅಂದರೆ ಪಂಪು ಸವೆದಿಲ್ಲ, ರಿಲೀಫ್ ವಾಲ್ವ್ ಸಿಕ್ಕಿಕೊಂಡಿಲ್ಲ, ಬೇರಿಂಗುಗಳು ಸಡಿಲವಾಗಿಲ್ಲ. ಒತ್ತಡ ಬೇಕಾದಷ್ಟಿದೆ, ತಡವಾಗಿ ಬರುತ್ತಿದೆ. ಒಂದು ಗಂಟೆ ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಮುಳ್ಳು ತಕ್ಷಣ ಏರಿತು. ಹೊತ್ತು ಕಳೆದಷ್ಟೂ ಎಲ್ಲಿಂದಲೋ ಆಯಿಲ್ ಇಳಿದುಹೋಗುತ್ತಿದೆ ಎಂಬುದು ಸ್ಪಷ್ಟವಾಯಿತು.

ಮರುದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ, ತಟ್ಟೆ ಹಿಡಿದು ಫಿಲ್ಟರನ್ನೇ ಬಿಚ್ಚಿದೆವು. ಒಳ್ಳೆಯ ಪೊರೆಯಿರುವ ಫಿಲ್ಟರ್ ಬಿಚ್ಚುವಾಗ ಅರ್ಧ ಸುತ್ತಿಗೇ ಆಯಿಲ್ ಕೈಮೇಲೆ ಸುರಿಯುತ್ತದೆ. ಇದು ಹಗುರವಾಗಿ ಕೈಗೆ ಬಂದಿತು. ಬೋರಲು ಹಾಕಿದರೆ ತಟ್ಟೆಗೆ ಬಿದ್ದದ್ದು ಕೆಲವು ಚಮಚ ಮಾತ್ರ. ಈ ತಪಾಸಣೆಗೆ ಯಾವ ಉಪಕರಣವೂ ಬೇಡ, ಯಾರಾದರೂ ಮಾಡಬಹುದು. ಆದರೂ ಸಾಮಾನ್ಯವಾಗಿ ಎಂಜಿನ್ ಬಿಸಿ ಮಾಡಿಯೇ ಆಯಿಲ್ ಬದಲಿಸುವುದರಿಂದ ರಾತ್ರಿಯ ನಂತರದ ಸ್ಥಿತಿಯನ್ನು ಯಾರೂ ನೋಡುವುದಿಲ್ಲ.

ಮುಂದಿನ ಹೆಜ್ಜೆಯಲ್ಲಿ ಎಚ್ಚರ ಬೇಕಿತ್ತು. ಫಿಲ್ಟರ್, ಆಯಿಲ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ಗೊತ್ತಾಗುವುದಿಲ್ಲ. ಹಾಗಾಗಿ ಅದೇ 20ಡಬ್ಲ್ಯೂ-50 ಆಯಿಲ್ ಉಳಿಸಿಕೊಂಡು, ಕೈಪಿಡಿಯ ಪಾರ್ಟ್ ನಂಬರಿನ ಫಿಲ್ಟರ್ ಮಾತ್ರ ಹಾಕಿದೆವು. ಸ್ವಲ್ಪ ಓಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡಿದರೆ ಮುಳ್ಳು ಒಂದು ಸೆಕೆಂಡಿನ ಸುಮಾರಿಗೆ ಎದ್ದಿತು. ಸದ್ದಿಲ್ಲ. ಟೆನ್ಷನರ್ ನಿರಪರಾಧಿ ಎಂದು ಸಾಬೀತಾಯಿತು.

ಗ್ರಾಹಕರ ದೃಷ್ಟಿಯಿಂದ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ತೆಗೆದ ಫಿಲ್ಟರನ್ನು ಕತ್ತರಿಸಿ ನೋಡದೆ ಬಿಡುವುದು ನನ್ನಿಂದಾಗದು.

ಕತ್ತರಿಸಿದಾಗ

ಫಿಲ್ಟರನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬಾರದು. ಕೊಯ್ದ ಲೋಹದ ಪುಡಿ ಒಳಗೆ ಬಿದ್ದು ಎಂಜಿನ್ನಿನ ಪುಡಿ ಯಾವುದು, ಬ್ಲೇಡಿನದು ಯಾವುದು ಎಂದು ತಿಳಿಯದಾಗುತ್ತದೆ. ಪೈಪ್ ಕಟರ್ ಮಾದರಿಯ, ಚಕ್ರ ತಿರುಗಿಸಿ ಕತ್ತರಿಸುವ ಸಾಧನ ಬೇಕು.

ಮೊದಲು ಪೊರೆ. ಕಪ್ಪು ನೈಟ್ರೈಲ್ ರಬ್ಬರ್. ಬೆರಳಲ್ಲಿ ಬಗ್ಗಿಸಿದರೆ ಬಾಗಿ ಮರಳುವ ಬದಲು ಮಡಿಕೆ ಬಿದ್ದು ಹಾಗೇ ಉಳಿಯಿತು. ಅಂಚು ಒಂದು ಕಡೆ ಮೇಲಕ್ಕೆ ಸುರುಳಿಗೊಂಡು ಲೋಹದ ತಟ್ಟೆಯಿಂದ ಉಗುರಿನ ದಪ್ಪದಷ್ಟು ಎದ್ದು ನಿಂತಿತ್ತು. ಆಯಿಲ್ ಇಳಿಯಲು ಅಷ್ಟು ಸಂದು ಧಾರಾಳ. ಕೇವಲ 3 ಸಾವಿರ ಕಿಲೋಮೀಟರ್ ಓಡಿದ ಫಿಲ್ಟರ್ ಇದು. ನೈಟ್ರೈಲ್ ಬಿಸಿಗೆ ಗಡುಸಾಗುತ್ತದೆ, ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತರೂ ಗಡುಸಾಗುತ್ತದೆ. ಬೆಲೆ ಹೆಚ್ಚಿನ ಫಿಲ್ಟರುಗಳಲ್ಲಿ ಸಿಲಿಕೋನ್ ಪೊರೆ ಇರುತ್ತದೆ, ಹೆಚ್ಚಾಗಿ ಕಿತ್ತಳೆ ಇಲ್ಲವೇ ಕೆಂಪು ಬಣ್ಣದ್ದು. ಬಿಸಿಗೂ ಚಳಿಗೂ ಅದು ಮೆದುವಾಗಿಯೇ ಉಳಿಯುತ್ತದೆ. ತೂತಿನಲ್ಲಿ ಇಣುಕಿದರೆ ಬಣ್ಣ ಕಾಣುತ್ತದೆ.

ಬೈಪಾಸ್ ವಾಲ್ವ್ ಡಬ್ಬಿಯ ಗುಮ್ಮಟದ ತುದಿಯಲ್ಲಿತ್ತು. ಅದರ ಬಿಲ್ಲೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಬಿಲ್ಲೆಗೂ ಅದು ಕೂರುವ ಸೀಟಿಗೂ ನಡುವೆ ಕಂದು ಬಣ್ಣದ ಒಂದು ಚೂರು ಸಿಕ್ಕಿಕೊಂಡಿತ್ತು, ಸಾಸಿವೆಗಿಂತ ಚಿಕ್ಕದು. ಚಿಮುಟದಿಂದ ತೆಗೆದು ಕನ್ನಡಿಗಾಜಿನ ಮೇಲೆ ಉಜ್ಜಿದರೆ ನಾರುನಾರಾಗಿ ಬಿಡಿಸಿಕೊಂಡಿತು. ಅದು ಕ್ಲಚ್ ಪ್ಲೇಟಿನ ಲೈನಿಂಗ್. ಕಾರಿನ ಎಂಜಿನ್ ಆಯಿಲಿಗೆ ಕ್ಲಚ್ಚಿನ ಸಂಪರ್ಕ ಸಾಮಾನ್ಯವಾಗಿ ಇರುವುದಿಲ್ಲ, ಗೇರ್‌ಬಾಕ್ಸಿಗೆ ಬೇರೆಯೇ ಆಯಿಲ್. ಬಹುಪಾಲು ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಮೂರರ ಸವೆತವೂ ಒಂದೇ ಫಿಲ್ಟರಿಗೆ ಬರುತ್ತದೆ. ಕಾರಿನ ಫಿಲ್ಟರ್ ಥ್ರೆಡ್ ಹೊಂದಿದ ಮಾತ್ರಕ್ಕೆ ಬೈಕಿಗೆ ಸಲ್ಲುತ್ತದೆ ಎನ್ನುವವರಿಗೆ ಆ ಕಂದು ಚೂರನ್ನು ತೋರಿಸಬೇಕು ಎನಿಸಿತು.

ಚೂರು ಅಲ್ಲಿಗೆ ಬಂದದ್ದೇ ವಾಲ್ವ್ ತೆರೆದಿದ್ದರಿಂದ. ಒಮ್ಮೆ ಸಿಕ್ಕಿಕೊಂಡ ಮೇಲೆ ಬಿಲ್ಲೆ ಪೂರ್ತಿ ಮುಚ್ಚಲಿಲ್ಲ. ಅಲ್ಲಿಂದ ಮುಂದೆ ಒಂದು ಪಾಲು ಆಯಿಲ್ ಸದಾ ಶೋಧನೆಯಿಲ್ಲದೆ ಹೋಗುತ್ತಿತ್ತು. ನಡುವಿನ ಕೊಳವೆಯೊಳಗೆ, ಶುದ್ಧ ಆಯಿಲ್ ಮಾತ್ರ ಇರಬೇಕಾದ ಜಾಗದಲ್ಲಿ, ಬಿಳಿ ಬಟ್ಟೆ ಒರೆಸಿದರೆ ಮಿರುಗುವ ಸಣ್ಣ ಕಣಗಳು ಅಂಟಿದವು.

ಸ್ಪ್ರಿಂಗಿನ ಬಲವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅಳೆದೆ. ವಾಲ್ವನ್ನು ತಕ್ಕಡಿಯ ಮೇಲಿಟ್ಟು, ಚಪ್ಪಟೆ ತುದಿಯ ಕಡ್ಡಿಯಿಂದ ಬಿಲ್ಲೆಯನ್ನು ನಿಧಾನವಾಗಿ ಒತ್ತುತ್ತ, ಅದು ಮೊದಲ ಬಾರಿ ಅಲುಗಿದಾಗಿನ ತೂಕ ಓದುವುದು. ಸೀಟಿನ ತೂತಿನ ವ್ಯಾಸ 15 ಮಿಲಿಮೀಟರ್, ಅಂದರೆ ವಿಸ್ತೀರ್ಣ 1.77 ಚದರ ಸೆಂಟಿಮೀಟರ್. ಬಿಲ್ಲೆ ಅಲುಗಿದ್ದು 700 ಗ್ರಾಮಿಗೆ. ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 0.4 ಕಿಲೋ, ಹೆಚ್ಚುಕಡಿಮೆ ಅಷ್ಟೇ ಬಾರ್. ಇದೇ ಮಾದರಿಯ ಇನ್ನೊಂದು ಬೈಕಿನಿಂದ ತೆಗೆದಿದ್ದ ಕಂಪನಿ ಫಿಲ್ಟರನ್ನೂ ಕತ್ತರಿಸಿ ಅಳೆದೆ. ಅದರ ಸೀಟೂ ಅಷ್ಟೇ ಅಗಲ, ಬೇಕಾದದ್ದು 1900 ಗ್ರಾಮ್, ಅಂದರೆ ಚದರ ಸೆಂಟಿಮೀಟರಿಗೆ 1.07 ಕಿಲೋ. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಎರಡೂವರೆ ಪಟ್ಟಿನ ವ್ಯತ್ಯಾಸ ಅಳತೆಯ ದೋಷವಲ್ಲ.

ಈಗ ದಪ್ಪ ಆಯಿಲಿನ ವಿಚಾರ. 100 ಡಿಗ್ರಿಯಲ್ಲಿ 40ರ ಗ್ರೇಡಿಗೆ (10ಡಬ್ಲ್ಯೂ-40ರ ಕೊನೆಯ ಅಂಕಿ ಇದೇ) 12.5ರಿಂದ 16.3 ಸೆಂಟಿಸ್ಟೋಕ್ ಸ್ನಿಗ್ಧತೆ, 50ರ ಗ್ರೇಡಿಗೆ 16.3ರಿಂದ 21.9. ಮೂಡಿಗೆರೆಯ ಡಿಸೆಂಬರ್ ಮುಂಜಾನೆಯ ತಂಪಿನಲ್ಲಿ ಈ ಅಂತರ ಇನ್ನೂ ಎಷ್ಟೋ ಹಿಗ್ಗುತ್ತದೆ. ಗಟ್ಟಿ ಆಯಿಲ್ ಕಾಗದವನ್ನು ದಾಟಲು ಹೆಚ್ಚು ಒತ್ತಡ ಬೇಡುತ್ತದೆ. 0.4 ಬಾರ್‌ಗೇ ಮಣಿಯುವ ವಾಲ್ವ್ ಅದಕ್ಕೆ ಎದುರು ನಿಲ್ಲುವ ಪ್ರಶ್ನೆಯೇ ಇಲ್ಲ. ಪ್ರತಿ ಬೆಳಿಗ್ಗೆ ಎಂಜಿನ್ ಬಿಸಿಯಾಗುವವರೆಗೂ ಅದು ತೆರೆದೇ ಇರುತ್ತಿತ್ತು. ಗಟ್ಟಿ ಆಯಿಲ್ ಖಾಲಿ ಗ್ಯಾಲರಿಯನ್ನು ತುಂಬಿ ಹೆಡ್ ತಲುಪುವುದೂ ನಿಧಾನ. ಸದ್ದು ಮಂದವಾದದ್ದು ಲೋಹಗಳ ನಡುವೆ ಉಳಿದ ಪದರ ದಪ್ಪವಾದ್ದರಿಂದ, ಹೆಚ್ಚು ಹೊತ್ತು ಉಳಿದದ್ದು ಆಯಿಲ್ ತಡವಾಗಿ ಬಂದದ್ದರಿಂದ. ದಪ್ಪ ಆಯಿಲ್ ಸುರಿದು ಸದ್ದು ಅಡಗಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಅದರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಎಂಜಿನ್ ಹೇಳುತ್ತಿರುವುದು ಕೇಳದಂತೆ ಮಾಡುವುದು ರಿಪೇರಿಯಲ್ಲ.

ವಾಲ್ವ್ ಕವರ್ ತೆಗೆದು ಕ್ಯಾಮ್‌ಶಾಫ್ಟುಗಳನ್ನೂ ನೋಡಿದೆವು. ಎಗ್ಸಾಸ್ಟ್ ಕ್ಯಾಮಿನ ಎರಡು ಉಬ್ಬುಗಳ ಮೇಲೆ ತಿರುಗುವ ದಿಕ್ಕಿನಲ್ಲಿ ತೆಳು ಗೀರುಗಳಿದ್ದವು. ಉಗುರು ಎಳೆದರೆ ಸಿಕ್ಕುವಷ್ಟು ಆಳವಿಲ್ಲ. ಮೈಕ್ರೋಮೀಟರಿನಲ್ಲಿ ಎತ್ತರ ಅಳೆದಾಗ ಕೈಪಿಡಿಯ ಮಿತಿಯೊಳಗೇ ಇತ್ತು. ಬದಲಿಸಬೇಕಾಗಿಲ್ಲ ಎಂದು ನಿರ್ಧರಿಸಿದೆವು.

ಫಿಲ್ಟರ್ ಕೊಳ್ಳುವಾಗ

ಥ್ರೆಡ್ ಹೊಂದುವುದು ಕನಿಷ್ಠ ಅಗತ್ಯ, ಅದರ ಮೇಲೆ ಮಾತ್ರ ಆಯ್ಕೆ ನಿಲ್ಲಬಾರದು. ಅದರಲ್ಲೂ ಮೋಸಹೋಗುವ ಸಾಧ್ಯತೆಯಿದೆ. ಎಂ20 ಥ್ರೆಡ್ಡಿನ ವ್ಯಾಸ 20 ಮಿಲಿಮೀಟರ್, ಎಳೆಗಳ ಅಂತರ 1.5. ಮುಕ್ಕಾಲು ಇಂಚಿನ, ಇಂಚಿಗೆ 16 ಎಳೆಯ ಥ್ರೆಡ್ಡಿನದು 19.05 ಮತ್ತು 1.59. ಮುಕ್ಕಾಲು ಇಂಚಿನ ಕಡ್ಡಿಗೆ ಎಂ20 ಫಿಲ್ಟರ್ ಸಡಿಲವಾಗಿ ಏರುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಓಡುವಾಗ ಕಳಚಿದರೆ ಆಯಿಲೆಲ್ಲ ಹಿಂದಿನ ಟೈರಿನ ಮೇಲೆ. ಹಳೆಯ ಗ್ಯಾಸ್ಕೆಟ್ ಎಂಜಿನ್ನಿಗೆ ಅಂಟಿಕೊಂಡಿದೆಯೇ ಎಂದು ನೋಡಿಯೇ ಹೊಸದನ್ನು ಕೂರಿಸಬೇಕು. ಹೊಸ ಗ್ಯಾಸ್ಕೆಟ್ಟಿಗೆ ಆಯಿಲ್ ಸವರಬೇಕು. ಬಿಗಿಯುವ ಬಲ ಕೈಪಿಡಿಯಲ್ಲಿರುತ್ತದೆ, ನಾನು ಕಂಡ ಹಲವು ಕೈಪಿಡಿಗಳಲ್ಲಿ 17ರಿಂದ 26 ನ್ಯೂಟನ್ ಮೀಟರ್.

ಈ ಪ್ರಕರಣದ ಫಿಲ್ಟರಿನ ಪೆಟ್ಟಿಗೆಯ ಮೇಲೆ ವಾಹನಗಳ ಉದ್ದನೆಯ ಪಟ್ಟಿ ಇತ್ತು, ಆದರೆ ಬೈಪಾಸ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಪೊರೆ ಯಾವ ರಬ್ಬರಿನದು ಎಂಬ ಎರಡು ಸಾಲು ಇರಲಿಲ್ಲ. ಆ ಎರಡು ಸಾಲನ್ನು ಅಚ್ಚು ಹಾಕಲು ತಯಾರಕರಿಗೆ ಖರ್ಚೇನೂ ಇಲ್ಲ. ಅಚ್ಚಾಗುವವರೆಗೆ ಕಂಪನಿಯ ಪಾರ್ಟ್ ನಂಬರ್, ಇಲ್ಲವೇ ಆ ಎರಡು ಅಂಕಿಅಂಶಗಳನ್ನು ಪ್ರಕಟಿಸುವ ತಯಾರಕರ ಫಿಲ್ಟರ್ ಮಾತ್ರ ಕೊಳ್ಳುವಂತೆ ನಾನು ಹೇಳುತ್ತೇನೆ.

10ಡಬ್ಲ್ಯೂ-40 ಆಯಿಲ್, ವೆಟ್ ಕ್ಲಚ್ಚಿಗೆ (ಆಯಿಲಿನಲ್ಲೇ ಕೆಲಸ ಮಾಡುವ ಕ್ಲಚ್ಚಿಗೆ) ಸಲ್ಲುವ ಜಾಸೊ ಎಂಎ2 ದರ್ಜೆಯದು, ಹಾಕಿದೆವು. ಗ್ಯಾಲರಿಯಲ್ಲಿ ಉಳಿದಿರಬಹುದಾದ ಕಣಗಳಿಗಾಗಿ ಸಾವಿರ ಕಿಲೋಮೀಟರಿಗೇ ಆಯಿಲನ್ನೂ ಫಿಲ್ಟರನ್ನೂ ಮತ್ತೆ ಬದಲಿಸಿದೆವು. ಆಗ ತೆಗೆದ ಫಿಲ್ಟರನ್ನೂ ಕತ್ತರಿಸಿದೆ. ನೆರಿಗೆಗಳಲ್ಲಿ ಕ್ಲಚ್ಚಿನ ನಾರುಗಳು, ಅಯಸ್ಕಾಂತಕ್ಕೆ ಅಂಟುವ ಒಂದಿಷ್ಟು ಗೇರಿನ ಪುಡಿ ಇದ್ದವು, ಇವು ಎಲ್ಲ ಬೈಕಿನಲ್ಲೂ ಸಿಗುವಂಥವೇ. ನಡುವಿನ ಕೊಳವೆ ಒರೆಸಿದ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಮೊದಲ ಗ್ಯಾರೇಜಿನಲ್ಲಿ ಬಿಚ್ಚಿದ ಹಳೆಯ ಟೆನ್ಷನರನ್ನು ಮಾಲೀಕರು ಮನೆಯಲ್ಲಿ ಇಟ್ಟಿದ್ದರು. ತರಿಸಿ ಪರೀಕ್ಷಿಸಿದೆ. ಪ್ಲಂಜರ್ ಸಲೀಸಾಗಿ ಚಲಿಸುತ್ತಿತ್ತು, ಒಳಗಿನ ಚೆಕ್ ಬಾಲ್ ಸೋರುತ್ತಿರಲಿಲ್ಲ. ಶುಚಿಗೊಳಿಸಿ, ಆಯಿಲ್ ಸವರಿ, ಮುಂದೆ ಬೇಕಾದಾಗ ಬಳಸಬಹುದು ಎಂದು ಚೀಟಿ ಬರೆದು ಕೊಟ್ಟೆ.